ಮನೆತನದಲ್ಲಿ ಕಾಯಿಲೆಯ ಇತಿಹಾಸವಿದ್ದಾಗ ನೀವು ಏನು ಮಾಡಿದಿರಿ? ಅನುಭವ ಹಂಚಿಕೊಳ್ಳಿ

ಕೋರಿಕೆ

ನನಗೆ ಈಗ 38 ವರ್ಷ. ತಂದೆಯವರು 49ನೆಯ ವಯಸ್ಸಿನಲ್ಲಿ ಹೃದಯಾಘಾತದಿಂದ ತೀರಿಕೊಂಡರು. ದೊಡ್ಡಪ್ಪನವರೂ ಹೆಚ್ಚುಕಡಿಮೆ ಅದೇ ವಯಸ್ಸಿನಲ್ಲಿ ಹೋದರು. ಸೋದರತ್ತೆಗೆ ‘ಹೊಟ್ಟೆಯಲ್ಲಿ ಗಡ್ಡೆ’ ಇತ್ತೆಂದಷ್ಟೇ ಗೊತ್ತು. ತಾಯಿಯ ಕಡೆಯ ಒಬ್ಬರು ವರ್ಷಗಟ್ಟಲೆ ಕೋಣೆ ಬಿಟ್ಟು ಹೊರಗೆ ಬರುತ್ತಿರಲಿಲ್ಲವಂತೆ. ಅವರ ಮಾತೆತ್ತಿದರೆ ಎಲ್ಲರೂ ವಿಷಯ ಬದಲಿಸುತ್ತಾರೆ. ನನಗೆ ಸದ್ಯ ಯಾವ ತೊಂದರೆಯೂ ಇಲ್ಲ. ಇಬ್ಬರು ಮಕ್ಕಳಿದ್ದಾರೆ. ವಂಶವಾಹಿ ಪರೀಕ್ಷೆ ಮಾಡಿಸಬೇಕೇ? ಹಿರಿಯರನ್ನು ಹೇಗೆ ಕೇಳಬೇಕು? ತಿಳಿದದ್ದನ್ನು ಮಕ್ಕಳಿಗೆ ಹೇಳಬೇಕೇ? ಇಂಥ ಸ್ಥಿತಿಯನ್ನು ಎದುರಿಸಿದವರು ದಯವಿಟ್ಟು ತಿಳಿಸಿ.

ಆನುವಂಶಿಕ ಕೊಲೆಸ್ಟ್ರಾಲ್ ಇರುವ ಕುಟುಂಬದವರೊಬ್ಬರ ಉತ್ತರ

ನಿಮ್ಮ ಕೋರಿಕೆಯಲ್ಲಿ ಕಾಯಿಲೆಯ ಹೆಸರಿಗಿಂತ ನನ್ನ ಗಮನ ಸೆಳೆದದ್ದು ವಯಸ್ಸು. ಎಂಬತ್ತು ದಾಟಿದ ಅಜ್ಜನಿಗೆ ಹೃದಯಾಘಾತವಾದರೆ ಅದು ಮೊಮ್ಮಕ್ಕಳ ಬಗ್ಗೆ ಹೆಚ್ಚೇನನ್ನೂ ಹೇಳುವುದಿಲ್ಲ. ಆದರೆ ಗಂಡಸರಿಗೆ 55 ತುಂಬುವ ಮೊದಲು, ಹೆಂಗಸರಿಗೆ 65 ತುಂಬುವ ಮೊದಲು ಬಂದ ಹೃದಯದ ಕಾಯಿಲೆಯನ್ನು ವೈದ್ಯರು ಅಕಾಲಿಕವೆಂದು ಎಣಿಸುತ್ತಾರೆ. ಹೆತ್ತವರಲ್ಲಿ ಅಥವಾ ಒಡಹುಟ್ಟಿದವರಲ್ಲಿ ಒಬ್ಬರಿಗೆ ಹಾಗಾಗಿದ್ದರೂ ಅದು ದಾಖಲಾಗಬೇಕಾದ ಸಂಗತಿ. ನಿಮ್ಮಲ್ಲಿ ತಂದೆ, ದೊಡ್ಡಪ್ಪ ಇಬ್ಬರೂ ಆ ವಯಸ್ಸಿನೊಳಗೇ ಹೋಗಿದ್ದಾರೆ.

ನಮ್ಮ ಮನೆಯಲ್ಲಿ ನಲವತ್ತರ ಆರಂಭದಲ್ಲೇ ಅಣ್ಣನಿಗೆ ಹೃದಯದ ರಕ್ತನಾಳವನ್ನು ತೆರೆದಿಡುವ ಸ್ಟೆಂಟ್ ಹಾಕಬೇಕಾಯಿತು. ಅವನು ತೆಳ್ಳಗಿದ್ದವನು, ಸಿಗರೇಟು ಮುಟ್ಟಿದವನಲ್ಲ. ಅವನ ರಕ್ತಪರೀಕ್ಷೆಯನ್ನು ನೋಡಿದ ವೈದ್ಯರು ನಮ್ಮೆಲ್ಲರನ್ನೂ ಕರೆಸಿ ಕೊಲೆಸ್ಟ್ರಾಲ್ ನೋಡಿಸಿದರು. ನನಗೂ ಅಕ್ಕನ ಮಗನಿಗೂ ಅದೇ ದೋಷ ಕಂಡಿತು. ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟ್ರಾಲನ್ನು ರಕ್ತದಿಂದ ಹೀರಿಕೊಳ್ಳುವ ಯಕೃತ್ತಿನ ವ್ಯವಸ್ಥೆ ಹುಟ್ಟಿನಿಂದಲೇ ಅರೆಬರೆ ಕೆಲಸ ಮಾಡುವ ಈ ಸ್ಥಿತಿ ಸುಮಾರು 250 ಜನರಲ್ಲಿ ಒಬ್ಬರಿಗೆ ಇರುತ್ತದೆ. ಔಷಧ ತೆಗೆದುಕೊಳ್ಳದ ವಯಸ್ಕರಲ್ಲಿ ಎಲ್‌ಡಿಎಲ್ ಪ್ರತಿ ಡೆಸಿಲೀಟರಿಗೆ 190 ಮಿಲಿಗ್ರಾಂ ದಾಟಿದ್ದರೆ ವೈದ್ಯರು ಇದನ್ನು ಶಂಕಿಸುತ್ತಾರೆ. ಹೆತ್ತವರಲ್ಲಿ ಒಬ್ಬರಿಗಿದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಇದರ ಮೂಲವನ್ನು ಬಿಡಿಸಿ ತೋರಿಸಿದ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೈನ್ ಅವರಿಗೆ 1985ರಲ್ಲಿ ನೊಬೆಲ್ ಬಂದಿತು. ಇಂದು ನಾನು ನುಂಗುವ, ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಕೆಲಸ ಮಾಡುವುದೂ ಅದೇ ದಾರಿಯಲ್ಲಿ.

ಆದ್ದರಿಂದ ದುಬಾರಿ ವಂಶವಾಹಿ ಪರೀಕ್ಷೆಯ ಯೋಚನೆಗೆ ಮೊದಲು ಸಾಮಾನ್ಯ ಕೊಲೆಸ್ಟ್ರಾಲ್ ಪರೀಕ್ಷೆ ಮಾಡಿಸಿ, ರಕ್ತದೊತ್ತಡ ಮತ್ತು ಸಕ್ಕರೆಯನ್ನೂ ನೋಡಿಸಿ. ನಿಮ್ಮ ಎಲ್‌ಡಿಎಲ್ ವಿಪರೀತವಿದ್ದರೆ ಮಕ್ಕಳ ರಕ್ತವನ್ನು ನೋಡಿಸಲು ಅವರು ದೊಡ್ಡವರಾಗುವವರೆಗೆ ಕಾಯಬೇಕಾಗಿಲ್ಲ. ಅಕ್ಕನ ಮಗ ಹತ್ತನೆಯ ವಯಸ್ಸಿನಿಂದಲೇ ಮಾತ್ರೆ ತೆಗೆದುಕೊಳ್ಳುತ್ತಿದ್ದಾನೆ, ಎಲ್ಲರಂತೆ ಆಡಿಕೊಂಡಿದ್ದಾನೆ.

ಸ್ತನ ಕ್ಯಾನ್ಸರಿನ ಮನೆತನದವರೊಬ್ಬರ ಉತ್ತರ

‘ಹೊಟ್ಟೆಯಲ್ಲಿ ಗಡ್ಡೆ’ ಎಂಬಲ್ಲಿಗೆ ನಿಲ್ಲಬೇಡಿ. ಅದು ಅಂಡಾಶಯದ್ದೋ, ಗರ್ಭಕೋಶದ್ದೋ, ದೊಡ್ಡ ಕರುಳಿನದ್ದೋ ಎಂಬುದರ ಮೇಲೆ ನಿಮ್ಮ ಮುಂದಿನ ದಾರಿ ಬೇರೆಯಾಗುತ್ತದೆ. ಅಂಡಾಶಯದ್ದಾದರೆ, ದೋಷವಿದ್ದಾಗ ಸ್ತನ ಮತ್ತು ಅಂಡಾಶಯದ ಕ್ಯಾನ್ಸರಿನ ಸಾಧ್ಯತೆಯನ್ನು ಹೆಚ್ಚಿಸುವ ಬಿಆರ್‌ಸಿಎ ವಂಶವಾಹಿಗಳ ಮಾತು ಬರುತ್ತದೆ. ಕರುಳು ಮತ್ತು ಗರ್ಭಕೋಶದ ಕ್ಯಾನ್ಸರ್ ಒಂದೇ ಮನೆತನದಲ್ಲಿ ಮತ್ತೆ ಮತ್ತೆ ಕಂಡರೆ ಲಿಂಚ್ ಸಿಂಡ್ರೋಮ್ ಎಂಬ ಬೇರೊಂದು ಸ್ಥಿತಿಯನ್ನು ಶಂಕಿಸುತ್ತಾರೆ, ಅಲ್ಲಿ ಚಿಕ್ಕ ವಯಸ್ಸಿನಿಂದಲೇ ಒಂದೆರಡು ವರ್ಷಕ್ಕೊಮ್ಮೆ ಕೊಲೊನೋಸ್ಕೋಪಿ (ಕ್ಯಾಮೆರಾ ಇರುವ ಕೊಳವೆಯಿಂದ ದೊಡ್ಡ ಕರುಳಿನ ಒಳಗನ್ನು ನೋಡುವ ಪರೀಕ್ಷೆ) ಮಾಡಿಸಬೇಕಾಗುತ್ತದೆ. ಮನೆಯವರ ನೆನಪು ಮಸುಕಾಗಿದ್ದರೆ ಹಳೆಯ ಬಯಾಪ್ಸಿ ವರದಿಯನ್ನೋ ಆಸ್ಪತ್ರೆಯಿಂದ ಬಿಡುಗಡೆಯಾದಾಗ ಕೊಟ್ಟ ಚೀಟಿಯನ್ನೋ ಹುಡುಕಿಸಿ.

ತಂದೆಯ ಕಡೆಯ ಹೆಂಗಸರ ಕಾಯಿಲೆ ತನಗೆ ಸಂಬಂಧಿಸಿದ್ದಲ್ಲ ಎಂದು ಭಾವಿಸುವವರು ಬಹಳ. ನಮ್ಮ ಮನೆಯಲ್ಲಿ ದೋಷವಿದ್ದ ಬಿಆರ್‌ಸಿಎ 2 ಬಂದದ್ದು ತಂದೆಯಿಂದಲೇ. ಅವರಿಗೆ ಕ್ಯಾನ್ಸರ್ ಬಂದಿರಲಿಲ್ಲ, ಆದರೆ ಅವರ ತಂಗಿಯರಿಬ್ಬರಿಗೆ ಬಂದಿತ್ತು. ಇನ್ನೊಂದು ಸಂಗತಿಯನ್ನು ಆನುವಂಶಿಕ ಸಮಾಲೋಚಕರು ನಮಗೆ ಮೊದಲೇ ತಿಳಿಸಿದರು: ಸಾಧ್ಯವಾದಲ್ಲಿ ಕಾಯಿಲೆ ಬಂದವರನ್ನೇ ಮೊದಲು ಪರೀಕ್ಷಿಸಬೇಕು. ಅವರಲ್ಲಿ ದೋಷ ಯಾವುದೆಂದು ತಿಳಿದರೆ ಉಳಿದವರಲ್ಲಿ ಅದೊಂದನ್ನೇ ಹುಡುಕಿ, ಇದೆ ಅಥವಾ ಇಲ್ಲ ಎಂದು ಖಚಿತವಾಗಿ ಹೇಳಬಹುದು. ಆರೋಗ್ಯವಂತರಿಂದ ಆರಂಭಿಸಿದರೆ ಏನೂ ಸಿಗದಿದ್ದಾಗ ನಿಶ್ಚಿಂತೆಯಿಂದಿರಬಹುದೇ ಎಂಬ ಪ್ರಶ್ನೆ ಉಳಿದುಬಿಡುತ್ತದೆ. ಅರ್ಥ ಖಚಿತವಾಗದ ಬದಲಾವಣೆಯೊಂದು ಸಿಕ್ಕಿದರಂತೂ ನಿದ್ದೆ ಕೆಡುತ್ತದೆ. ಹಾಗೆಯೇ, ಸ್ತನ ಕ್ಯಾನ್ಸರುಗಳಲ್ಲಿ ಇಂಥ ಒಂದೇ ವಂಶವಾಹಿಯ ದೋಷದಿಂದ ಬರುವುದು ಶೇ 5ರಿಂದ 10ರಷ್ಟು ಮಾತ್ರ ಎಂಬುದೂ ನೆನಪಿರಲಿ.

ತಿಳಿಯದಿರಲು ನಿರ್ಧರಿಸಿದವರೊಬ್ಬರ ಉತ್ತರ

ನನ್ನ ತಾಯಿಗೆ ಹಂಟಿಂಗ್ಟನ್ ಕಾಯಿಲೆ, ಎಂದರೆ ಮೆದುಳಿನ ನರಕೋಶಗಳು ಕ್ರಮೇಣ ನಾಶವಾಗುವ ಆನುವಂಶಿಕ ಕಾಯಿಲೆ ಇತ್ತು. ಇದರ ವಂಶವಾಹಿ 1993ರಲ್ಲಿ ಪತ್ತೆಯಾಯಿತು, ಪರೀಕ್ಷೆ ಇದೆ, ನನಗೆ ಬಂದಿರುವ ಸಾಧ್ಯತೆ ಅರ್ಧಕ್ಕರ್ಧ, ಮತ್ತು ಬಂದಿದ್ದರೆ ಅದನ್ನು ತಡೆಯುವ ಔಷಧವಿಲ್ಲ. ನಾನು ಪರೀಕ್ಷೆ ಮಾಡಿಸಿಲ್ಲ. ತಂಗಿ ಮಾಡಿಸಿದಳು, ಅವಳಲ್ಲಿ ಇಲ್ಲವೆಂದು ಗೊತ್ತಾದ ದಿನ ಅವಳು ಅತ್ತದ್ದು ಸಂತೋಷಕ್ಕಷ್ಟೇ ಎಂದು ನನಗೆ ಅನ್ನಿಸಲಿಲ್ಲ. ಉದ್ಯೋಗ, ಮದುವೆ, ಮಕ್ಕಳು ಎಲ್ಲವನ್ನೂ ನಾನು ಈ ಅನಿಶ್ಚಯವನ್ನು ಪಕ್ಕದಲ್ಲಿಟ್ಟುಕೊಂಡೇ ನಿರ್ಧರಿಸಿದ್ದೇನೆ, ಮದುವೆಗೆ ಮೊದಲೇ ಎಲ್ಲವನ್ನೂ ಹೇಳಿದ್ದೇನೆ. ಆದರೆ ನಿಮ್ಮ ಸ್ಥಿತಿ ನನ್ನದಲ್ಲ. ಹೃದಯದ ವಿಷಯದಲ್ಲಿ ತಿಳಿದರೆ ಮಾಡುವುದಕ್ಕೆ ಬೇಕಾದಷ್ಟಿದೆ. ತಿಳಿಯದಿರುವ ಹಕ್ಕನ್ನು ಮಾಡುವುದಕ್ಕೇನೂ ಇಲ್ಲದ ಕಡೆಗೆ ಮೀಸಲಿಡಿ ಎಂಬುದು ನನ್ನ ಅಭಿಪ್ರಾಯ.

ಮಾನಸಿಕ ಕಾಯಿಲೆ ಇದ್ದವರ ಮಗಳ ಉತ್ತರ

ಕೋಣೆ ಬಿಟ್ಟು ಬಾರದವರ ಬಗ್ಗೆ ಯಾರೂ ಉತ್ತರಿಸಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ನನ್ನ ತಂದೆಗೆ ಸ್ಕಿಜೋಫ್ರೀನಿಯಾ, ಎಂದರೆ ಭ್ರಮೆಗಳು ಮೂಡಿ ಯೋಚನೆ ಹಳಿ ತಪ್ಪುವ ಮಾನಸಿಕ ಕಾಯಿಲೆ ಇತ್ತು. ಮನೆಯಲ್ಲಿ ಆ ಹೆಸರನ್ನು ಯಾರೂ ಉಚ್ಚರಿಸದ ಕಾರಣ, ನನಗೂ ಅದು ಖಂಡಿತ ಬರುತ್ತದೆಂಬ ಭಯದಲ್ಲೇ ಹರೆಯವನ್ನು ಕಳೆದೆ. ಸಾಮಾನ್ಯರಲ್ಲಿ ಸುಮಾರು ಶೇ 1ರಷ್ಟಿರುವ ಸಾಧ್ಯತೆ ಹೆತ್ತವರಲ್ಲಿ ಒಬ್ಬರಿಗಿದ್ದಾಗ ಸುಮಾರು ಶೇ 10ಕ್ಕೆ ಏರುತ್ತದೆ; ಎಂದರೆ ಅಂಥ ಮಕ್ಕಳಲ್ಲಿ ಹತ್ತರಲ್ಲಿ ಒಂಬತ್ತು ಮಂದಿಗೆ ಅದು ಬರುವುದಿಲ್ಲ. ಈ ಒಂದು ವಾಕ್ಯವನ್ನು ನನಗೆ ಹದಿನೈದನೆಯ ವಯಸ್ಸಿನಲ್ಲಿ ಯಾರಾದರೂ ಹೇಳಬಹುದಿತ್ತು. ನಿಮ್ಮ ಸಂಬಂಧಿಕರು ನಿಮಗೆ ಇನ್ನೂ ದೂರದವರಿರಬಹುದು, ಅವರದು ಖಿನ್ನತೆಯೂ ಆಗಿರಬಹುದು. ಮಕ್ಕಳಿಗೆ ಅವರ ವಯಸ್ಸಿಗೆ ತಕ್ಕಷ್ಟು ಹೇಳಿ. ನನ್ನ ಮಗನಿಗೆ ನಾನು ಹೇಳಿದ್ದು ಎರಡೇ: ಗಾಂಜಾದಿಂದ ದೂರವಿರು, ನಿದ್ದೆ ಮತ್ತು ಯೋಚನೆ ವಿಚಿತ್ರವಾಗಿ ಕೆಟ್ಟರೆ ನಾಚಿಕೆಯಿಲ್ಲದೆ ನನ್ನ ಬಳಿ ಬಾ.

ಮಧುಮೇಹಿ ತಂದೆತಾಯಿಯ ಮಗನ ಉತ್ತರ

‘ನಮ್ಮ ವಂಶದಲ್ಲೇ ಇದೆ’ ಎಂಬ ಮಾತು ನಮ್ಮ ಮನೆಯಲ್ಲಿ ಕೈಕಟ್ಟಿ ಕೂರಲು ಒಳ್ಳೆಯ ನೆಪವಾಗಿತ್ತು. ಹೆತ್ತವರಿಂದ ಬರುವುದು ವಂಶವಾಹಿಯಷ್ಟೇ ಅಲ್ಲ. ಕೂತಲ್ಲೇ ಕೂರುವ ರೂಢಿ, ತಡರಾತ್ರಿಯ ಊಟ, ತಂಬಾಕು ಎಲ್ಲವೂ ಬಳುವಳಿಯೇ. ಮಧುಮೇಹದ ಅಂಚಿನಲ್ಲಿದ್ದವರ ಮೇಲೆ ಅಮೆರಿಕದಲ್ಲಿ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತೂಕವನ್ನು ಶೇ 7ರಷ್ಟು ಇಳಿಸಿ ವಾರಕ್ಕೆ 150 ನಿಮಿಷ ದೈಹಿಕ ಚಟುವಟಿಕೆ ಮಾಡುವ ಗುರಿಯಿಟ್ಟುಕೊಂಡ ಗುಂಪಿನಲ್ಲಿ ಕಾಯಿಲೆ ಶೇ 58ರಷ್ಟು ಕಡಿಮೆಯಾಯಿತು. ನನಗೆ ಐವತ್ತಾಗಿದೆ, ಸಕ್ಕರೆ ಇನ್ನೂ ಅಂಚಿನಲ್ಲೇ ನಿಂತಿದೆ.

ದತ್ತು ಮಗುವಾಗಿ ಬೆಳೆದವರೊಬ್ಬರ ಉತ್ತರ

ವೈದ್ಯರ ಅರ್ಜಿಯಲ್ಲಿ ಕುಟುಂಬದ ಇತಿಹಾಸದ ಜಾಗದಲ್ಲಿ ನಾನು ಗೆರೆ ಎಳೆಯುತ್ತೇನೆ. ವಯಸ್ಸಿಗೆ ತಕ್ಕ ತಪಾಸಣೆಗಳನ್ನು ಒಂದನ್ನೂ ತಪ್ಪಿಸುವುದಿಲ್ಲ, ಅಷ್ಟೇ. ನಾನು ಬಲ್ಲ ಮೊದಲ ರಕ್ತಸಂಬಂಧಿ ನನ್ನ ಮಗಳು. ಅರ್ಧಂಬರ್ಧವಾದರೂ ನಿಮಗೆ ಕೇಳುವುದಕ್ಕೆ ಜನರಿದ್ದಾರೆ, ಅವರಿರುವಾಗಲೇ ಕೇಳಿ.

ಶಸ್ತ್ರಚಿಕಿತ್ಸಾ ವಿಭಾಗದ ದಾದಿಯೊಬ್ಬರ ಉತ್ತರ

ಹಿರಿಯರನ್ನು ಕೇಳುವ ಬಗೆ: ಎಲ್ಲರೂ ಸೇರಿದಾಗ ಕೇಳಬೇಡಿ, ಒಬ್ಬೊಬ್ಬರನ್ನೇ ಕೇಳಿ. ‘ಅತ್ತೆಗೆ ಏನು ಕಾಯಿಲೆ ಇತ್ತು’ ಎಂದರೆ ಬಾಯಿ ಮುಚ್ಚುವವರು, ‘ಅತ್ತೆಯ ಕೊನೆಯ ವರ್ಷಗಳು ಹೇಗಿದ್ದವು, ಯಾರು ನೋಡಿಕೊಂಡರು’ ಎಂದರೆ ತಾವಾಗಿಯೇ ಹೇಳುತ್ತಾರೆ. ಮಕ್ಕಳಿಗಾಗಿ ಕೇಳುತ್ತಿದ್ದೇನೆ ಎಂದು ಸೇರಿಸಿ. ಪ್ರತಿಯೊಬ್ಬರ ಹೆಸರಿನ ಮುಂದೆ ಕಾಯಿಲೆ, ಅದು ಆರಂಭವಾದ ವಯಸ್ಸು, ತೀರಿಕೊಂಡಿದ್ದರೆ ಆ ವಯಸ್ಸು ಮತ್ತು ಕಾರಣವನ್ನು ಬರೆದಿಟ್ಟು, ಒಡಹುಟ್ಟಿದವರಿಗೂ ಒಂದು ಪ್ರತಿ ಕೊಡಿ.

ಯಾರೂ ಕೇಳದ ಒಂದು ಪ್ರಶ್ನೆಯನ್ನು ಅದಕ್ಕೆ ಸೇರಿಸಿ: ಶಸ್ತ್ರಚಿಕಿತ್ಸೆಯ ವೇಳೆ ಅರಿವಳಿಕೆಯಿಂದ ಯಾರಿಗಾದರೂ ಗಂಭೀರ ತೊಂದರೆಯಾಗಿತ್ತೇ, ಜ್ವರ ವಿಪರೀತ ಏರಿ ಮೈ ಬಿಗಿದುಕೊಂಡಿತ್ತೇ? ಕೆಲವು ಅರಿವಳಿಕೆ ಅನಿಲಗಳಿಗೆ ಹೀಗೆ ಪ್ರತಿಕ್ರಿಯಿಸುವ ಗುಣ ವಂಶದಲ್ಲಿ ಹರಿದುಬರುತ್ತದೆ, ಬೇರೆ ಯಾವ ಸಮಯದಲ್ಲಿಯೂ ಅದರ ಸುಳಿವು ಸಿಗದಿರಬಹುದು. ಮೊದಲೇ ತಿಳಿಸಿದರೆ ಅರಿವಳಿಕೆ ತಜ್ಞರು ಬೇರೆ ಔಷಧಗಳನ್ನು ಬಳಸುತ್ತಾರೆ.