ಟ್ರೇಲರ್ ಮೇಲೆ ದೋಣಿ ಪ್ರತಿ ಸಲ ಸೊಟ್ಟಗೆ ಕೂರುತ್ತಿದೆ, ಏನು ಮಾಡಲಿ?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ನಾವು ಆಸ್ಟಿನ್‌ನಲ್ಲಿದ್ದೇವೆ. ಈ ಬೇಸಿಗೆಯಲ್ಲಿ 18 ಅಡಿಯ ಹಳೇ ಫೈಬರ್ ದೋಣಿ ತಗೊಂಡೆವು. ಲೇಕ್ ಟ್ರಾವಿಸ್‌ನಲ್ಲಿ ಇಳಿಸುವುದು ಸಲೀಸು, ವಾಪಸ್ ಹತ್ತಿಸುವುದೇ ಕಷ್ಟ. ಶನಿವಾರ ಸಂಜೆ ವಿಂಚ್ (ದೋಣಿಯನ್ನು ಟ್ರೇಲರ್ ಮೇಲೆ ಎಳೆಯುವ ಕೈ ರಾಟೆ) ಸುತ್ತಿ ದೋಣಿಯ ಮೂತಿಯನ್ನು ಮುಂದಿನ ರಬ್ಬರಿಗೆ ತಾಗಿಸಿದೆ, ಎಲ್ಲ ಸರಿಯಾಗಿದೆ ಅನ್ನಿಸಿತು, ಆದರೆ ಹೆಂಡತಿ ಗಾಡಿ ಮುಂದಕ್ಕೆ ಎಳೆದ ಕೂಡಲೇ ಹಿಂಭಾಗ ಎಡಕ್ಕೆ ಜರುಗಿ ಮಡ್‌ಗಾರ್ಡ್ ಮೇಲೆ ಕೂತುಬಿಟ್ಟಿತು. ಮೂರು ಸಲವೂ ಹೀಗೇ. ಹಿಂದೆ ಆರು ಗಾಡಿ ಕಾಯುತ್ತಿದ್ದವು. ಟ್ರೇಲರ್ ಇನ್ನೂ ಒಳಗೆ ಬಿಡಬೇಕಾ?

ಉತ್ತರ 1:
ಬೇಡ ಸಾರ್, ಈಗಲೇ ಜಾಸ್ತಿ ಒಳಗೆ ಹೋಗಿದೆ. ಟ್ರೇಲರ್ ಪೂರ್ತಿ ಮುಳುಗಿದರೆ ದೋಣಿ ಹಲಗೆ ಮೇಲೆ ಕೂರುವುದೇ ಇಲ್ಲ, ತೇಲುತ್ತಾ ಗಾಳಿ ತಳ್ಳಿದ ಕಡೆ ತಿರುಗುತ್ತದೆ. ಮೊದಲು ಆಳಕ್ಕೆ ಬಿಟ್ಟು ಕಾರ್ಪೆಟ್ ಸುತ್ತಿದ ಆ ಉದ್ದ ಹಲಗೆಗಳನ್ನು ಚೆನ್ನಾಗಿ ನೆನೆಸಿ. ಆಮೇಲೆ ಗಾಡಿ ಮುಂದೆ ತಗೊಂಡು, ಮಡ್‌ಗಾರ್ಡಿನ ನೆತ್ತಿ ಒಂದೆರಡು ಇಂಚು ನೀರಿನ ಮೇಲೆ ಕಾಣುವ ಹಾಗೆ ನಿಲ್ಲಿಸಿ. ಇಳಿಜಾರು ಒಂದೊಂದು ಕಡೆ ಒಂದೊಂದು ಥರ, ಅಳತೆ ಸ್ವಲ್ಪ ಹೆಚ್ಚುಕಡಿಮೆ ಆಗುತ್ತದೆ. ಕೊನೆಯ ಎರಡು ಮೂರು ಅಡಿ ವಿಂಚ್ ಸುತ್ತುವಾಗ ಕೈಗೆ ಬಿಗಿ ಗೊತ್ತಾಗಬೇಕು. ಸುಮ್ನೆ ಜಾರಿಕೊಂಡು ಬಂತು ಅಂದರೆ ಇನ್ನೂ ತೇಲುತ್ತಿದೆ ಅಂತಲೇ ಅರ್ಥ.

ಉತ್ತರ 2:
ಮೇಲಿನವರು ಹೇಳಿದ್ದು ಸರಿ. ಜೊತೆಗೆ ಹಿಂಭಾಗಕ್ಕೊಂದು ಹಗ್ಗ ಕಟ್ಟಿ, ಗಾಳಿ ಬರುವ ಕಡೆ ನಿಂತು ಒಬ್ಬರು ಹಿಡಿದುಕೊಳ್ಳಲಿ. ಟ್ರೇಲರಿನ ಹಿಂದಿನ ಎರಡು ಮೂಲೆಗೂ ಬಿಳಿ ಪಿವಿಸಿ ಕಂಬ ಹಾಕಿಸಿ, ದೋಣಿ ಅದರ ನಡುವೆಯೇ ಬರುತ್ತದೆ.

ಇಂಜಿನ್ ಜೋರು ಮಾಡಿ ಹತ್ತಿಸುವುದು ಮಾತ್ರ ದಯವಿಟ್ಟು ಬೇಡ. ಪ್ರೊಪೆಲರ್ ತಳ್ಳುವ ನೀರು ಇಳಿಜಾರಿನ ಕಾಂಕ್ರೀಟ್ ಮುಗಿಯುವ ತುದಿಯಲ್ಲಿ ಮಣ್ಣು ಕೊರೆದು ಗುಂಡಿ ಮಾಡುತ್ತದೆ. ಬರ ಬಂದಾಗ ಟ್ರಾವಿಸ್‌ನ ನೀರು ತುಂಬಾ ಕೆಳಗೆ ಹೋಗುತ್ತದಲ್ವಾ, ಆಗ ನಮ್ಮ ಚಕ್ರ ನಿಲ್ಲುವುದು ಅದೇ ತುದಿಯ ಹತ್ತಿರ. ನನ್ನ ಸ್ನೇಹಿತರ ಟ್ರೇಲರ್ ಅಂಥ ಗುಂಡಿಗೆ ಇಳಿದು ಆಕ್ಸಲ್ ಬಗ್ಗಿಹೋಯಿತು.

ಉತ್ತರ 3:
ಗಾಡಿ ಎಳೆಯುವ ಮೊದಲು ಸೇಫ್ಟಿ ಚೈನ್ ಸಿಕ್ಕಿಸಿ, ವಿಂಚ್ ಪಟ್ಟಿ ಒಂದನ್ನೇ ನಂಬಬೇಡಿ. ಮೇಲೆ ಬಂದ ಮೇಲೆ ದಾರಿ ಬಿಟ್ಟು ಪಕ್ಕಕ್ಕೆ ನಿಲ್ಲಿಸಿ, ತಳದ ಬಿರಡೆ ತೆಗೆದು ನೀರೆಲ್ಲ ಹರಿಸಿ. ಟೆಕ್ಸಾಸ್‌ನಲ್ಲಿ 2014ರಿಂದ ಇದು ಕಾನೂನು. ಟ್ರಾವಿಸ್‌ನಲ್ಲಿ 2017ರಲ್ಲೇ ಜೀಬ್ರಾ ಮಸೆಲ್ ಅನ್ನೋ, ಹೊರಗಿನಿಂದ ಬಂದು ಹರಡುವ ಪುಟ್ಟ ಚಿಪ್ಪಿನ ಜೀವಿ ಸಿಕ್ಕಿದೆ, ಅದರ ಮರಿಗಳು ಕಣ್ಣಿಗೆ ಕಾಣುವುದಿಲ್ಲ, ಉಳಿದ ನೀರಿನಲ್ಲೇ ಇನ್ನೊಂದು ಕೆರೆಗೆ ಹೋಗುತ್ತವೆ.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್. ಶನಿವಾರದ ಫೋಟೋ ಈಗ ತೆಗೆದು ನೋಡಿದೆ, ಮಡ್‌ಗಾರ್ಡ್ ನೀರಿನಡಿ ಒಂದು ಮೊಳ ಇದೆ! ವಾರದ ದಿನ ಬೆಳಿಗ್ಗೆ ಜನ ಕಡಿಮೆ, ಆಗ ಹೋಗಿ ನಾಲ್ಕೈದು ಸಲ ಹತ್ತಿಸಿ ಇಳಿಸಿ ನೋಡುತ್ತೇವೆ.