ಪದಚರ್ಚೆ: ಗೊಂಬೆಗೆ ಬಣ್ಣ ಹಚ್ಚುವಾಗಿನ ‘ಲೇಯರ್’, ‘ಶೇಡ್’, ‘ವಾಶ್’

ಎಲ್ಲರಿಗೂ ನಮಸ್ಕಾರ,

ಡ್ರ್ಯಾಗನ್, ದೈತ್ಯ ಇಂಥ ದೊಡ್ಡ ಫ್ಯಾಂಟಸಿ ಮಿನಿಯೇಚರ್‌ಗಳಿಗೆ ಬಣ್ಣ ಹಚ್ಚುವುದು ಹೇಗೆ ಅಂತ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮಿನಿಯೇಚರ್‌ಗೆ (ಆಟಕ್ಕೋ ಶೋಕಿಗೋ ಬಣ್ಣ ಹಚ್ಚಿ ಇಡುವ ಪುಟ್ಟ ಮೂರ್ತಿಗೆ) ಸದ್ಯ ‘ಗೊಂಬೆ’ ಅಂತ ಇಟ್ಟುಕೊಂಡಿದ್ದೇನೆ. ‘ಕಿರುಚಿತ್ರ’ ಅಂದರೆ ಸಿನಿಮಾ ಆಗುತ್ತದೆ, ‘ದೊಡ್ಡ ಕಿರುಮೂರ್ತಿ’ ಅಂದರೆ ನಗು ಬರುತ್ತದೆ. ಅದಿರಲಿ, ತೊಡಕಿರುವುದು ‘ಶೇಡ್’ನಲ್ಲಿ.

ಇಂಥ ಗೊಂಬೆ ಮಾಡುವ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನ ಗೇಮ್ಸ್ ವರ್ಕ್‌ಶಾಪ್ ಕಂಪನಿಯವರ ಸಿಟಡೆಲ್ ಬಣ್ಣದ ಡಬ್ಬಿಗಳ ಮೇಲೆ ಬೇಸ್ (ತಳದ ಬಣ್ಣ), ಲೇಯರ್ (ಪದರ), ಶೇಡ್ (ನೆರಳು) ಅಂತಲೇ ಬರೆದಿರುತ್ತದೆ. ಹಾಗಾಗಿ ಶೇಡ್ ಅಂದರೆ ಮಾಡುವ ಕೆಲಸವೂ ಹೌದು, ಡಬ್ಬಿಯೊಳಗಿನ ನೀರಿನಂಥ ಬಣ್ಣವೂ ಹೌದು. ಆ ಬಣ್ಣಕ್ಕೇ ವಾಶ್ ಅಂತಲೂ ಹೇಳುತ್ತಾರೆ. ಅದು ತಾನಾಗಿ ಹರಿದು ಸಂದುಗೊಂದುಗಳಲ್ಲಿ ನಿಂತು ಅಲ್ಲಿ ಕಪ್ಪು ಮಾಡುತ್ತದೆ. 28-32 ಮಿ.ಮೀ. ಅಳತೆಯ ಸಿಪಾಯಿ ಗೊಂಬೆಗೆ ಇಷ್ಟು ಸಾಕು. ಅಂಗೈಯಗಲದ ಡ್ರ್ಯಾಗನ್ ರೆಕ್ಕೆಗೆ ಇದನ್ನೇ ಸುರಿದರೆ ಅಲ್ಲಲ್ಲಿ ಮಡುಗಟ್ಟಿ, ಒಣಗಿದ ಮೇಲೆ ಚಹಾ ಚೆಲ್ಲಿದ ಹಾಗೆ ಅಂಚಿನ ಕಲೆ ಉಳಿಯುತ್ತದೆ.

ಅಲ್ಲಿ ನೆರಳು ಬರಬೇಕಾದ್ದು ಪದರಗಳಿಂದ. ಮೊದಲು ಇಡೀ ರೆಕ್ಕೆಗೆ ಕಡುಗೆಂಪು. ಒಣಗಿದ ಮೇಲೆ ಮಡಿಕೆಗಳನ್ನು ಮಾತ್ರ ಹಾಗೇ ಬಿಟ್ಟು ಉಳಿದ ಕಡೆ ನೀರು ಬೆರೆಸಿದ ಕೆಂಪು, ಆಮೇಲೆ ಅದಕ್ಕೇ ಚೂರು ಕಿತ್ತಳೆ ಸೇರಿಸಿ ಇನ್ನೂ ಚಿಕ್ಕ ಜಾಗಕ್ಕೆ, ಹೀಗೆ ಉಬ್ಬಿದ ಭಾಗದ ಕಡೆಗೆ ಹೋಗುತ್ತಿರಬೇಕು. ಬಿಳಿ ಬೆರೆಸಿದರೆ ಗುಲಾಬಿಯಾಗುತ್ತದೆ, ಗುಲಾಬಿ ಡ್ರ್ಯಾಗನ್‌ಗೆ ಯಾರು ಹೆದರುತ್ತಾರೆ? ಕುಂಚ ಎಲ್ಲಿ ಮೇಲೆತ್ತುತ್ತೇವೋ ಅಲ್ಲಿ ಬಣ್ಣ ಜಾಸ್ತಿ ಕೂರುತ್ತದೆ, ಅದಕ್ಕೇ ಪ್ರತಿ ಸಲವೂ ಬೆಳಕು ಕಾಣಬೇಕಾದ ಉಬ್ಬಿನ ಕಡೆಗೇ ಎಳೆಯಬೇಕು.

ಈಗ ಪದಗಳಿಗೆ ಬರೋಣ. ವಾಶ್‌ಗೆ ‘ತಿಳಿಬಣ್ಣ’ ಅನ್ನಬಹುದು ಅಂತ ಗೆಳೆಯರೊಬ್ಬರು ಹೇಳಿದರು, ನನಗೆ ಒಪ್ಪಿಗೆಯಿಲ್ಲ. ತಿಳಿನೀಲಿ, ತಿಳಿಹಸಿರು ಅಂತ ಓದಿದವರು ತಿಳಿಬಣ್ಣ ಅಂದರೆ ಕಡುವಲ್ಲದ ಬಣ್ಣವನ್ನೇ ಎತ್ತಿಕೊಳ್ಳುತ್ತಾರೆ. ಇದು ತೆಳು, ಆದರೆ ಕಡು. ‘ಛಾಯೆ’ಯೂ ಆಗದು, ನೀಲಿಯ ನಾನಾ ಛಾಯೆಗಳು ಅಂತ ಬೇರೆ ಅರ್ಥದಲ್ಲಿ ಆಗಲೇ ಬಳಕೆಯಲ್ಲಿದೆ. ವಿಷ್ಣುಧರ್ಮೋತ್ತರ ಅನ್ನುವ ಹಳೆಯ ಸಂಸ್ಕೃತ ಗ್ರಂಥದಲ್ಲಿ ಚಿತ್ರಕಲೆಯನ್ನು ಹೇಳುವ ಚಿತ್ರಸೂತ್ರ ಭಾಗದಲ್ಲಿ ನೆರಳು ಮೂಡಿಸುವುದಕ್ಕೆ ‘ವರ್ತನಾ’ ಅನ್ನುವ ಮಾತಿದೆ, ಅದರಲ್ಲಿ ಮೂರು ಬಗೆ. ಚುಕ್ಕೆ ಇಟ್ಟು ಮಾಡುವುದು ‘ಬಿಂದುಜ’. ದೊಡ್ಡ ಗೊಂಬೆಗಳ ಚರ್ಮಕ್ಕೆ ಈಗಲೂ ಹೀಗೇ ಚುಕ್ಕೆ ಇಡುತ್ತಾರೆ, ಹಾಗಾಗಿ ಆಸೆಯೇನೋ ಆಗುತ್ತದೆ. ಆದರೆ ಡ್ರ್ಯಾಗನ್‌ನ ವರ್ತನೆ ಅಂತ ಬರೆದರೆ ಅದರ ನಡತೆ ಸರಿಯಿಲ್ಲ ಅಂತ ತಿಳಿದಾರು!

ನಾಮಪದದ ಹಿಂದೆ ಹೋಗುವ ಬದಲು ಕ್ರಿಯಾಪದದಲ್ಲೇ ವ್ಯತ್ಯಾಸ ತೋರಿಸಿದರೆ ಸಾಕು ಅನ್ನಿಸುತ್ತಿದೆ. ಲೇಯರಿಂಗ್‌ಗೆ ‘ಬಣ್ಣ ಏರಿಸುವುದು’, ವಾಶ್‌ಗೆ ‘ಬಣ್ಣ ಇಳಿಸುವುದು’. ಒಂದು ಕತ್ತಲಿಂದ ಬೆಳಕಿಗೆ ಏರುತ್ತದೆ, ಇನ್ನೊಂದು ಸಂದಿಗೆ ಇಳಿಯುತ್ತದೆ. ಶೇಡ್ ಅನ್ನುವ ಫಲಕ್ಕೆ ಎರಡೂ ಕಡೆ ‘ನೆರಳು’.

ನನ್ನ ಅನುಮಾನ ಇಷ್ಟೇ: ‘ಬಣ್ಣ ಇಳಿಸು’ ಅಂದರೆ ನಿಮ್ಮ ಕಡೆ ಬಣ್ಣ ತೆಗೆದುಹಾಕು ಅಂತ ಕೇಳಿಸುತ್ತದೆಯೇ? ಇನ್ನು ಗ್ಲೇಜ್ ಅನ್ನುವ ಇನ್ನೊಂದು ಪದಕ್ಕೆ ‘ಮೆರುಗು’ ಬೇಡ, ಅದು ಹೊಳಪು ಕೊಡುವುದಲ್ಲ, ಕೆಳಗಿನ ಬಣ್ಣ ಕಾಣುವಷ್ಟು ತೆಳುವಾದ ಪದರ. ಗಣಪನ ಮೂರ್ತಿ ಮಾಡುವವರು ಮಡಿಕೆ, ಕೆನ್ನೆಗಳಿಗೆ ಬಣ್ಣ ಕೊಡುವಾಗ ಏನನ್ನುತ್ತಾರೆ? ಅವರ ಬಾಯಿಂದಲೇ ಕೇಳಿದ ಪದ ಇದ್ದರೆ ಊರಿನ ಹೆಸರಿನ ಜೊತೆ ತಿಳಿಸಿ.