ಮುರುಗಲು (ಕೋಕಂ) ಸಿರಪ್ ನೊರೆ ಬರ್ತಿದೆ, ಮಳೆ ಹಿಡಿಯೋದರೊಳಗೆ ಏನು ಮಾಡಬಹುದು?

ಅಂಗಳದಂಚು (ಶಿರಸಿ):
2 ಕೆಜಿ ಮುರುಗಲು ಸಿಪ್ಪೆಗೆ 2 ಕೆಜಿ ಸಕ್ಕರೆ ಹಾಕಿ ಗಾಜಿನ ಭರಣಿಯಲ್ಲಿ ಬಿಸಿಲಿಗಿಟ್ಟು ಇವತ್ತಿಗೆ 5 ದಿನ. ಸಕ್ಕರೆ ಪೂರ್ತಿ ಕರಗಿದೆ, ಬಣ್ಣವೂ ಚೆನ್ನಾಗೇ ಬಿಟ್ಟಿದೆ. ಆದರೆ ನಿನ್ನೆಯಿಂದ ಮೇಲೆ ಗುಲಾಬಿ ನೊರೆ, ಮುಚ್ಚಳ ತೆಗೆದರೆ ಕಳ್ಳಿನ ವಾಸನೆ. ಬೂಷ್ಟು ಎಲ್ಲೂ ಕಾಣ್ತಿಲ್ಲ. ಉಳಿಸಿಕೊಳ್ಳಬಹುದಾ?

ಮರದಲ್ಲಿ ಇನ್ನೂ 10–12 ಕೆಜಿ ಹಣ್ಣಿದೆ. ಅದನ್ನು ಒಣಸಿಪ್ಪೆ ಮಾಡೋಣ ಅಂತ ಇದ್ದೇನೆ. ಉಪ್ಪು ಎಷ್ಟು, ಎಷ್ಟು ದಿನ, ಮಧ್ಯೆ ಮಳೆ ಬಂದರೆ ಏನು ಗತಿ? ಬೀಜ ಇಟ್ಟುಕೊಳ್ಳೋದೋ ಬಿಸಾಡೋದೋ?

ಭರಣಿ_ಬಿಸಿಲು (ಯಲ್ಲಾಪುರ):
ಸಕ್ಕರೆ ಸಾಲದೆ ಬಂದಿದ್ದು, ಬೇರೇನಲ್ಲ. ಹಸಿ ಸಿಪ್ಪೆಯಲ್ಲಿ 100ಕ್ಕೆ ಸುಮಾರು 80 ಭಾಗ ನೀರೇ. ಅಂದರೆ ನಿಮ್ಮ 2 ಕೆಜಿ ಸಿಪ್ಪೆ ಬಿಡೋದು ಹೆಚ್ಚುಕಡಿಮೆ 1.6 ಲೀಟರ್ ನೀರು. ಅದಕ್ಕೆ 2 ಕೆಜಿ ಸಕ್ಕರೆ ಕೂಡಿದರೆ ರಸದಲ್ಲಿ ಸಕ್ಕರೆಯ ಪಾಲು ನೂರಕ್ಕೆ 55ರ ಆಸುಪಾಸು. ಅಷ್ಟರಲ್ಲಿ ಹುದುಗು ಆರಾಮಾಗಿ ಬೆಳೆಯುತ್ತೆ. 4 ಕೆಜಿ ಹಾಕಿದ್ದರೆ 70 ದಾಟುತ್ತಿತ್ತು, ಆಗ ಅದರ ಆಟ ನಡೆಯೋದಿಲ್ಲ. ಹಾಗಾಗಿ ಒಂದು ಪಾಲು ಸಿಪ್ಪೆಗೆ ಎರಡು ಪಾಲು ಸಕ್ಕರೆ, ತೂಕದ ಲೆಕ್ಕ. ಲೋಟದ ಲೆಕ್ಕ ಬೇಡ, ಸಿಪ್ಪೆ ಟೊಳ್ಳಾಗಿ ಕೂತು ಮೋಸ ಮಾಡುತ್ತೆ.

ಈಗಿನದನ್ನು ಉಳಿಸಬಹುದು. ಸ್ಟೀಲ್ ಪಾತ್ರೆಗೆ ಸೋಸಿಕೊಳ್ಳಿ. ಅಲ್ಯೂಮಿನಿಯಂ, ಹಿತ್ತಾಳೆ, ಕಬ್ಬಿಣ ಯಾವುದೂ ಆಗದು, ಈ ಹುಳಿ ಲೋಹವನ್ನೇ ತಿಂದು ರುಚಿ ಕೆಡಿಸುತ್ತೆ. ಇನ್ನೂ 2 ಕೆಜಿ ಸಕ್ಕರೆ ಸೇರಿಸಿ ಸಣ್ಣ ಉರಿಯಲ್ಲಿ ಕರಗಿಸಿ, ಮೇಲೆ ಬರುವ ನೊರೆ ತೆಗೀತಾ ಹೋಗಿ. ಅಂಚಲ್ಲಿ ಮೊದಲ ಕುದಿ ಕಂಡ ಕೂಡಲೇ ಒಲೆ ಆರಿಸಬೇಕು. ಕುದಿಸ್ತಾ ನಿಂತರೆ ಕೆಂಪು ಹೋಗಿ ಕಂದು ತಿರುಗುತ್ತೆ, ಘಮವೂ ಹಾರುತ್ತೆ. ಪೂರ್ತಿ ಆರಿದ ಮೇಲೆ ಒಣಗಿದ ಬಾಟಲಿಗೆ ತುಂಬಿ ಫ್ರಿಜ್ಜಿನಲ್ಲಿಡಿ, ಮೊದಲು ಇದನ್ನೇ ಖಾಲಿ ಮಾಡಿ. ಒಲೆಗಿಡುವ ಮೊದಲೇ ವಿನೆಗರ್ ವಾಸನೆ ಬಂದರೆ, ಇಲ್ಲಾ ಒಂದು ಚುಕ್ಕೆ ಬೂಷ್ಟು ಕಂಡರೂ ಚೆಲ್ಲಿಬಿಡಿ. ಸಕ್ಕರೆ ಮುಖ ನೋಡಬೇಡಿ.

ಮುಂದಿನ ಸಲ ಹಣ್ಣನ್ನು ಇಡಿಯಾಗಿಯೇ ತೊಳೆದು, ಒರೆಸಿ, ನೆರಳಲ್ಲಿ ಆರಿಸಿ ಆಮೇಲೆ ಕತ್ತರಿಸಿ. ಕೊಯ್ದ ಸಿಪ್ಪೆ ತೊಳೆಯೋದು ಬಹಳ ಜನ ಮಾಡುವ ತಪ್ಪು. ಭರಣಿಯ ಅಡಿಗೆ ಸಕ್ಕರೆ, ಮೇಲೆ ಸಿಪ್ಪೆ, ಮತ್ತೆ ಸಕ್ಕರೆ, ಹೀಗೆ ಮುಕ್ಕಾಲು ಭರಣಿ ತುಂಬಿ ತುದಿಗೆ ದಪ್ಪ ಸಕ್ಕರೆ ಪದರ. ಬಾಯಿಗೆ ತೆಳು ಬಟ್ಟೆ ಕಟ್ಟಿ, ಇರುವೆಗೆ ಅಂತ ನೀರು ತುಂಬಿದ ತಟ್ಟೆಯಲ್ಲಿ ಭರಣಿ ನಿಲ್ಲಿಸಿ. ಎರಡನೇ ದಿನ ರಸ ಏರಿ ಸಿಪ್ಪೆ ತೇಲೋಕೆ ಶುರುವಾಗುತ್ತೆ. ತೇಲಿ ಹೊರಗೆ ನಿಂತ ಸಿಪ್ಪೆಗೇ ಮೊದಲು ಬೂಷ್ಟು. ಬೆಳಿಗ್ಗೆ ಸಂಜೆ ಒಣ ಮರದ ಸೌಟಲ್ಲಿ ಮಗುಚಿ. ಒಳ್ಳೆ ಬಿಸಿಲಿದ್ದರೆ 7–8 ದಿನ ಸಾಕು. ಸೋಸುವಾಗ ಹಿಂಡಬೇಡಿ, ರಸ ಮಬ್ಬಾಗುತ್ತೆ. ಜೀರಿಗೆಪುಡಿ, ಉಪ್ಪು ಬಾಟಲಿಗೆ ಬೇಡ, ಲೋಟಕ್ಕೆ ಹಾಕಿ. ಒಂದು ಪಾಲಿಗೆ ಐದು ಪಾಲು ತಣ್ಣೀರು.

ಬಿಳಿ ಮುರುಗಲಿಗೂ ಇದೇ ಲೆಕ್ಕ, ಬಣ್ಣ ಮಾತ್ರ ಕೇಳಬೇಡಿ.

ಕಡ್ಲೆತೀರ (ಕುಮಟಾ):
ಒಣಸಿಪ್ಪೆಗೆ ನಾನು ಹೇಳ್ತೇನೆ. 10 ಕೆಜಿ ಹಣ್ಣಲ್ಲಿ ಸಿಪ್ಪೆ ಅರ್ಧ ಅಂದರೆ 5 ಕೆಜಿ, ಒಣಗಿದ ಮೇಲೆ ಕೈಗೆ ಬರೋದು 1 ಕೆಜಿ, ಬಹಳ ಆದರೆ ಒಂದೂಕಾಲು. ಹಣ್ಣು ಎರಡು ಹೋಳು ಮಾಡಿ. ಒಳಗಿನ ತಿರುಳು ಬೀಜ ಒಂದು ಮಣ್ಣಿನ ಇಲ್ಲವೇ ಪಿಂಗಾಣಿ ಪಾತ್ರೆಗೆ, ಅದಕ್ಕೆ ಅರ್ಧ ಕೆಜಿ ಕಲ್ಲುಪ್ಪು ಹಾಕಿ ಕಲಸಿ ಬಿಡಿ. ರಾತ್ರಿ ಕಳೆಯೋದರೊಳಗೆ ಗಾಢ ರಸ ನಿಲ್ಲುತ್ತೆ. ಸಿಪ್ಪೆಯನ್ನು ಮೊದಲ ದಿನ ಹಾಗೇ ಚಾಪೆ ಮೇಲೆ ಒಳಮೈ ಮೇಲೆ ಮಾಡಿ ಹರಡಿ. ಸಂಜೆಗೆ ಆ ರಸದಲ್ಲಿ ಅದ್ದಿ ರಾತ್ರಿ ಅದರಲ್ಲೇ ಬಿಟ್ಟು, ಬೆಳಿಗ್ಗೆ ಬಸಿದು ಮತ್ತೆ ಬಿಸಿಲಿಗೆ. ಹೀಗೆ ನಾಲ್ಕೈದು ಪುಟ. ಒಂದೇ ಸಲ ಒಣಗಿಸಿದ ಸಿಪ್ಪೆ ತೆಳ್ಳಗೆ, ಕಂದು, ಹುಳಿಯೂ ಪೀಚು. ಪುಟ ಕೊಟ್ಟಿದ್ದು ಕರಿಗೆಂಪಾಗಿ ಮಡಚಿದರೆ ಮುರಿಯದೆ ಚರ್ಮದ ಹಾಗೆ ಬಾಗುತ್ತೆ. ಅದೇ ಹದ. ಪಟ್ಟಂತ ಮುರಿದರೆ ಜಾಸ್ತಿ ಒಣಗಿದೆ, ಬೆರಳಿಗೆ ರಸ ಅಂಟಿದರೆ ಇನ್ನೊಂದು ದಿನ ಬೇಕು.

ಮಳೆ ಬಂದರೆ ಒಲೆ ಮೇಲಿನ ಅಟ್ಟಕ್ಕೆ ಹಾಕಿ, ಏನೂ ಆಗೋದಿಲ್ಲ.

ಭರಣಿ_ಬಿಸಿಲು (ಯಲ್ಲಾಪುರ):
ಅಟ್ಟ ಬೇಡ ಮಾರಾಯ್ರೆ. ಹೊಗೆ ಕೊಡೋದು ಉಪ್ಪಾಗೆಗೆ (ಮುರುಗಲಿನ ಜಾತಿಯದೇ ಇನ್ನೊಂದು ಹುಳಿ ಹಣ್ಣು), ಅದು ಹಣ್ಣಾಗೋದೇ ಮಳೆಗಾಲದಲ್ಲಿ, ಬೇರೆ ದಾರಿ ಇಲ್ಲ. ಮುರುಗಲಿಗೆ ಹೊಗೆ ಹತ್ತಿದರೆ ಪಾನಕ ಕುಡಿಯುವ ಹಾಗಿಲ್ಲ. ಅಡಿಕೆ ಡ್ರೈಯರ್ ಇರುವ ಮನೆ ಹತ್ತಿರ ಇದ್ದರೆ 50–55 ಡಿಗ್ರಿಯಲ್ಲಿ ಒಂದು ತಟ್ಟೆ ಕೇಳಿ ಇಡಿ. 60 ದಾಟಿಸಬೇಡಿ, ಬಣ್ಣ ಸುಡುತ್ತೆ. ಒಂದೆರಡು ದಿನದ ಮಳೆ ಅಷ್ಟೇ ಆದರೆ ಸಿಪ್ಪೆಯನ್ನು ಉಪ್ಪುರಸದೊಳಗೇ ಮುಳುಗಿಸಿಟ್ಟು ಬಿಸಿಲು ಕಾಯಿರಿ. ಅರೆ ಒಣಗಿದ್ದನ್ನು ಗುಪ್ಪೆ ಹಾಕಿಟ್ಟರೆ ಮಾತ್ರ ಕೆಟ್ಟಿತು.

ಕಡ್ಲೆತೀರ (ಕುಮಟಾ):
ಸಾರಿಗೆ, ಮೀನಿಗೆ ಆದರೆ ಹೊಗೆ ಸಿಪ್ಪೆ ನಡೆಯುತ್ತೆ ಅಂತಲೇ ನನ್ನ ಮಾತು. ಪಾನಕಕ್ಕೆ ಬೇಡ, ಒಪ್ಪಿದೆ.

ಇನ್ನೊಂದು ಬಿಟ್ಟೆ. ಭರಣಿಗೆ ತುಂಬಿದ ಮೇಲೆ ಸಿಪ್ಪೆ ಮೇಲೆ ಬೆಳ್ಳಗೆ ಕಂಡರೆ ಗಾಬರಿ ಆಗಿ ಎಸೆಯಬೇಡಿ, ಹೆಚ್ಚಿನ ಸಲ ಅದು ಉಪ್ಪಿನ ಹರಳು. ಒಂದು ಸಿಪ್ಪೆ ನೀರಿಗೆ ಹಾಕಿ: ಉಪ್ಪಾದರೆ ಕರಗಿ ಹೋಗುತ್ತೆ. ಬೂಷ್ಟಾದರೆ ಹತ್ತಿಯ ಎಳೆ ಥರ ಉಳಿಯುತ್ತೆ, ಮುಗ್ಗಲು ವಾಸನೆ ಇರುತ್ತೆ.

ಹಿತ್ತಲಗಿಡ (ಸಿದ್ದಾಪುರ):
ಬೀಜದ ಬಗ್ಗೆ. ತೊಳೆದು ಒಣಗಿಸಿ ಇಟ್ಟರೆ ಮುರುಗಲು ತುಪ್ಪ ತೆಗೆಯಬಹುದು: ಸಿಪ್ಪೆ ಒಡೆದು ಬೇಳೆ ಕುಟ್ಟಿ, ನೀರಲ್ಲಿ ಚೆನ್ನಾಗಿ ಕುದಿಸಿ ತಣ್ಣಗಾಗಲು ಬಿಟ್ಟರೆ ಮೇಲೆ ಗಟ್ಟಿಯಾಗಿ ಕೂರುತ್ತೆ. ಮೈ ಶಾಖಕ್ಕಿಂತ ತುಸು ಮೇಲೆ ಕರಗುವಂಥದ್ದು, ಹಿಮ್ಮಡಿ ಒಡಕಿಗೆ ಒಳ್ಳೇದು. ಆದರೆ 1 ಕೆಜಿ ಒಣ ಬೀಜ ಕುಟ್ಟಿದರೂ ಕಾಲು ಕೆಜಿ ತುಪ್ಪ ಸಿಗೋದು ಕಷ್ಟ. ಅದಕ್ಕಿಂತ ಕಡಿಮೆ ಬೀಜ ಇದ್ದರೆ ಸುಮ್ಮನೆ ರಟ್ಟೆ ನೋವು. ಉಪ್ಪಲ್ಲಿ ಕಲಸಿದ ಬೀಜವನ್ನು ಎರಡು ಮೂರು ನೀರಲ್ಲಿ ತೊಳೆಯಲೇಬೇಕು.

ಸಸಿ ಮಾಡೋದಾದರೆ ಉಪ್ಪು ತಾಗದ ಬೀಜ ಬೇರೆ ತೆಗೆದಿಟ್ಟು ಹಸಿ ಇರುವಾಗಲೇ ಹಾಕಿ, ಒಣಗಿಸಿದರೆ ಹುಟ್ಟೋದಿಲ್ಲ. ಬೀಜದ ಗಿಡದಲ್ಲಿ ಗಂಡು ಹೆಣ್ಣು ಬೇರೆ ಬೇರೆ. ಗಂಡು ಮರ ಹೂ ಬಿಡುತ್ತೆ, ಹಣ್ಣಿಲ್ಲ. ಅದು ಗೊತ್ತಾಗೋಕೇ ವರ್ಷಗಟ್ಟಲೆ ಕಾಯಬೇಕು. ಕಸಿ ಗಿಡ ತರುವಾಗ ನೆಟ್ಟಗೆ ಏಳುವ ಚಿಗುರಿಂದ ಕಟ್ಟಿದ್ದಾ ಕೇಳಿ. ಅಡ್ಡ ರೆಂಬೆಯ ಕಸಿ ಮೇಲೆ ಏಳದೆ ನೆಲದ ಮೇಲೆ ಪೊದೆ ಥರ ಹರಡುತ್ತೆ.

ಸೋಲಕಡಿ_ಪ್ರೇಮಿ (ಕಾರವಾರ):
ಒಣಸಿಪ್ಪೆ ಆದ ಮೇಲೆ ಸೋಲಕಡಿ (ತೆಂಗಿನ ಹಾಲು ಹಾಕಿದ ಮುರುಗಲು ಪಾನೀಯ) ಮಾಡಿ ನೋಡಿ ಅಕ್ಕ. 10–12 ಸೋಲ, ಅಂದರೆ ಒಣಸಿಪ್ಪೆ, ಒಂದು ಕಪ್ ಉಗುರುಬೆಚ್ಚಗಿನ ನೀರಲ್ಲಿ ಅರ್ಧ ತಾಸು, ಹಿಸುಕಿ ಸೋಸಿ. ಒಂದು ತೆಂಗಿನಕಾಯಿಯ ಮೊದಲ, ಎರಡನೇ ಹಾಲು, ಜಜ್ಜಿದ ಬೆಳ್ಳುಳ್ಳಿ 3 ಎಸಳು, ಹಸಿಮೆಣಸು 1. ಬೆಳ್ಳುಳ್ಳಿ ತಿನ್ನದವರು ಇಂಗು. ಸಿಪ್ಪೆಯಲ್ಲೇ ಉಪ್ಪಿದೆ, ರುಚಿ ನೋಡಿ ಆಮೇಲೆ ಹಾಕಿ. ಒಲೆ ಹತ್ತಿರವೂ ಒಯ್ಯಬೇಡಿ, ಹುಳಿಯ ಜೊತೆ ಬಿಸಿ ತಾಗಿದರೆ ತೆಂಗಿನ ಹಾಲು ಒಡೆದು ಕಾಳು ಕಾಳಾಗುತ್ತೆ. ಪಾತ್ರೆಗೆ ಚಿಟಿಕೆ ಸೋಡಾ ಬಿದ್ದರೂ ಆ ಗುಲಾಬಿ ಬಣ್ಣ ನೇರಳೆ ತಿರುಗುತ್ತೆ.

ಅಂಗಳದಂಚು (ಶಿರಸಿ):
ಸಿರಪ್ ಸೋಸಿ ಒಲೆ ಮೇಲಿಟ್ಟಾಯ್ತು, ವಿನೆಗರ್ ವಾಸನೆ ಇರಲಿಲ್ಲ. ಸೋಸಿ ಉಳಿದ ಸಕ್ಕರೆ ಸಿಪ್ಪೆ ಏನು ಮಾಡೋದು?

ಭರಣಿ_ಬಿಸಿಲು (ಯಲ್ಲಾಪುರ):
ಹುದುಗೆದ್ದಿದ್ದರಿಂದ ಹಾಗೇ ಒಣಗಿಸಬೇಡಿ. ಬೆಲ್ಲ, ಮೆಣಸಿನಪುಡಿ, ಉಪ್ಪು ಹಾಕಿ ಗಟ್ಟಿಯಾಗೋ ತನಕ ಬೇಯಿಸಿದರೆ ದೋಸೆಗೆ ಗೊಜ್ಜು. ಒಂದು ವಾರದೊಳಗೆ ಮುಗಿಸಿ.